ಆ ರಾತ್ರಿ ಪರೀಕ್ಷೆ ನಿಂತಿದ್ದರೆ?

1986ರ ಏಪ್ರಿಲ್ 26. ಮಧ್ಯರಾತ್ರಿ ಆಗತಾನೆ ಕಳೆದಿತ್ತು. ಉಕ್ರೇನಿನ ಚೆರ್ನೋಬಿಲ್ ಅಣುವಿದ್ಯುತ್ ಸ್ಥಾವರದ ನಾಲ್ಕನೇ ರಿಯಾಕ್ಟರಿನಲ್ಲಿ ಸುರಕ್ಷತಾ ಪರೀಕ್ಷೆಯೊಂದರ ಸಿದ್ಧತೆ ನಡೆದಿತ್ತು. ಅದಕ್ಕೆ ಕನಿಷ್ಠ 700 ಮೆಗಾವಾಟ್ ಉಷ್ಣಶಕ್ತಿ ಬೇಕು. ಅದು 30ಕ್ಕೆ ಕುಸಿಯಿತು. ಹೇಗೋ 200ಕ್ಕೆ ಏರಿಸಿ ಪರೀಕ್ಷೆ ಮುಂದುವರಿಸಿದರು. ಅಲ್ಲಿಗೇ ಕೈಬಿಟ್ಟಿದ್ದರೆ?

ಪಕ್ಕದ ಪ್ರಿಪ್ಯಾತ್ ಪಟ್ಟಣದ ಸುಮಾರು 49,000 ಜನ ಮರುದಿನ ಬಸ್ಸು ಹತ್ತಿ ಊರು ತೊರೆಯಬೇಕಾಗುತ್ತಿರಲಿಲ್ಲ. ಮಕ್ಕಳ ಪಾಠ ನಿಲ್ಲುತ್ತಿರಲಿಲ್ಲ.

ಆದರೆ ರಿಯಾಕ್ಟರಿನ ದೋಷ ಹಾಗೆಯೇ ಉಳಿಯುತ್ತಿತ್ತು! ಅದನ್ನು ನಂದಿಸುವ ನಿಯಂತ್ರಣ ಸರಳುಗಳ ಕೆಳಗೆ ಗ್ರಾಫೈಟ್ ಭಾಗವಿತ್ತು. ಪೂರ್ತಿ ಮೇಲೆತ್ತಿದ್ದ ಸರಳುಗಳನ್ನು ಒಮ್ಮೆಲೇ ಇಳಿಸಿದರೆ, ನ್ಯೂಟ್ರಾನ್ ಹೀರುವ ನೀರನ್ನು ಗ್ರಾಫೈಟ್ ಪಕ್ಕಕ್ಕೆ ತಳ್ಳಿ, ತಳಭಾಗದಲ್ಲಿ ಕ್ರಿಯೆ ಕ್ಷಣಕಾಲ ಹೆಚ್ಚುತ್ತಿತ್ತು. ಬ್ರೇಕ್ ಒತ್ತಿದಾಗ ಬಸ್ಸು ಮುನ್ನುಗ್ಗಿದಂತೆ! 1983ರಲ್ಲೇ ಲಿಥುವೇನಿಯಾದ ಇಗ್ನಾಲಿನಾ ಸ್ಥಾವರದಲ್ಲಿ ಇದು ಕಂಡುಬಂದಿತ್ತು. ಆದರೂ ತಿದ್ದುಪಡಿ ಆಗಲಿಲ್ಲ. ಚೆರ್ನೋಬಿಲ್ಲಿನ ಸಿಬ್ಬಂದಿಗೆ ಅಪಾಯದ ಅರಿವಿರಲಿಲ್ಲ.

ಆ ರಾತ್ರಿ ಪಾರಾಗಿದ್ದರೂ ಅದೇ ಮಾದರಿಯ ಇನ್ನೊಂದು ರಿಯಾಕ್ಟರಿನಲ್ಲಿ ಅಪಾಯ ಕಾದಿರುತ್ತಿತ್ತು. ದುರಂತವಿಲ್ಲದ ಇತಿಹಾಸವನ್ನು ಊಹಿಸುವವರು 1986ರಿಂದಲ್ಲ, 1983ರಿಂದ ಆರಂಭಿಸಬೇಕು.

ವಿದ್ಯಾರ್ಥಿಗಳೇ, ಪ್ರಯೋಗದಲ್ಲಿ ಬಂದ ಅನಿರೀಕ್ಷಿತ ಫಲಿತಾಂಶವನ್ನು ಅಳಿಸದೆ ಬರೆದಿಡಿ. ಪಾಲಕರೇ, ಅದಕ್ಕಾಗಿ ಮಕ್ಕಳನ್ನು ಗದರಬೇಡಿ.