ಯಜಮಾನರನ್ನು ಕಳಿಸಿ ಮೇಡಂ

"ಯಜಮಾನರನ್ನು ಕಳಿಸಿ ಮೇಡಂ, ಟಯರಿನ ವಿಚಾರ ನಿಮಗೆ ಗೊತ್ತಾಗಲ್ಲ."

ಅಂಗಡಿಯವನು ಹೀಗೆಂದಾಗ ನನಗೆ ನಗು ಬಂತು. ನಮ್ಮ ಯಜಮಾನರಿಗೆ ಬೈಕು ಓಡಿಸಲು ಬಾರದು. ಊರೊಳಗೆ ಸೈಕಲ್ಲು, ಊರಾಚೆಗೆ ಬಸ್ಸು. ಆದರೂ ನನ್ನ ಗಾಡಿಗೆ ಟಯರು ಆರಿಸುವ ಯೋಗ್ಯತೆ ಅವರಿಗಿದೆ, ಇಪ್ಪತ್ತು ವರ್ಷದಿಂದ ಗಾಡಿ ಓಡಿಸುತ್ತಿರುವ ನನಗಿಲ್ಲ! ನಕ್ಕವಳು ಸುಮ್ಮನಿರಬಾರದಿತ್ತು. ಮೈದುನನನ್ನು ಕಳಿಸಿದೆ. ಅಲ್ಲಿಗೆ ತಪ್ಪು ನನ್ನದೂ ಆಯಿತು.

ನಾನು ಗಣಿತದ ಟೀಚರು. ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ವರ್ಗಾವಣೆಯ ಪುಣ್ಯದಿಂದ ನಾಲ್ಕೂ ತಾಲ್ಲೂಕಿನ ನೀರು ಕುಡಿದಿದ್ದೇನೆ. ಬಸ್ಸು ಕಾದು ಕಾದು ಸಾಕಾಗಿ ಮೊದಲು ಸ್ಕೂಟರು, ಆಮೇಲೆ ತಮ್ಮನ ಹಳೆಯ ಬಜಾಜ್ ಅವೆಂಜರ್. ಸೀಟು ತಗ್ಗು, ಹ್ಯಾಂಡಲ್ಲು ಎತ್ತರ. ಕುಳ್ಳಿಯಾದ ನನಗೂ ಎರಡು ಕಾಲು ನೆಲಕ್ಕೆ ಊರುತ್ತವೆ.

2021ರಲ್ಲಿ ಹಿಂದಿನ ಟಯರು ಸವೆದಾಗಿನ ಕಥೆ ಇದು. ಮೈದುನನೂ ಅಂಗಡಿಯವನೂ ಟೀ ಕುಡಿದು ವ್ಯಾಪಾರ ಮುಗಿಸಿದರು. ಪಾಲಿಶ್ ಹಚ್ಚಿ ಮಿರಮಿರ ಮಿಂಚುವ ಟಯರು ಬಂತು. ಪಾವಗಡದ ದಾರಿಯಲ್ಲಿ, ಮಿಡಿಗೇಶಿಯ ಹತ್ತಿರ, ಮೊದಲ ಮಳೆಗೇ ಗಾಡಿ ಜಾರಿತು. ಮೊಣಕೈ ತರಚಿತು, ಮಕ್ಕಳ ಉತ್ತರಪತ್ರಿಕೆಗಳು ಕೆಸರಾದವು. ಟಯರಿನದೇ ತಪ್ಪೆಂದು ನಾನು ಆಣೆ ಮಾಡಲಾರೆ, ರಸ್ತೆ ಒದ್ದೆಯಿತ್ತು. ಆದರೆ ವಾರದ ಮೇಲೆ ಕೊರಟಗೆರೆಯ ಪಂಚರ್ ಅಂಗಡಿಯ ಹುಡುಗ ಟಯರಿನ ಮಗ್ಗುಲು ಒರೆಸಿ ತೋರಿಸಿದ: "ನೋಡಿ ಮಿಸ್, 0815. ಎರಡು ಸಾವಿರದ ಹದಿನೈದು, ಎಂಟನೇ ವಾರದ ಮಾಲು." ಹೊಸದೆಂದು ಕೊಂಡ ಟಯರಿಗೆ ಆರು ವರ್ಷ!

ಅಲ್ಲಾ, ನಾವು ಹೆಂಗಸರು ಹಾಲಿನ ಪೊಟ್ಟಣದ ತಾರೀಕು ನೋಡುತ್ತೇವೆ, ಮಾತ್ರೆಯ ತಾರೀಕು ನೋಡುತ್ತೇವೆ, ರವೆಯಲ್ಲಿ ಹುಳವಿದೆಯೇ ಎಂದು ಬೆಳಕಿಗೆ ಹಿಡಿಯುತ್ತೇವೆ. ಪ್ರಾಣ ಹೊರುವ ರಬ್ಬರಿನ ಮುಂದೆ ಮಾತ್ರ ಸೆರಗು ಸರಿಮಾಡಿಕೊಂಡು ದೂರ ನಿಲ್ಲುತ್ತೇವೆ. ಏಕೆ?

ಅದರಲ್ಲಿ ಬ್ರಹ್ಮವಿದ್ಯೆಯೇನೂ ಇಲ್ಲ. ನನ್ನ ಗಾಡಿಯ ಹಿಂದಿನ ಟಯರಿನ ಮೇಲೆ 130/90-15 ಎಂದಿದೆ. ಅಗಲ 130 ಮಿಲಿಮೀಟರು, ಎತ್ತರ ಅದರ ಶೇಕಡಾ 90, ಅಂದರೆ 117. ಚಕ್ರದ ವ್ಯಾಸ 15 ಅಂಗುಲ. ಮುಂದೆ 66 ಪಿ. 66 ಎಂದರೆ 300 ಕೆ.ಜಿ. ಹೊರುತ್ತದೆ, ಪಿ ಎಂದರೆ ಗಂಟೆಗೆ 150 ಕಿಲೋಮೀಟರ್‌ವರೆಗೆ ತಡೆಯುತ್ತದೆ. ತಿರುಗುವ ದಿಕ್ಕಿಗೆ ಬಾಣದ ಗುರುತಿದ್ದರೆ ಅದರಂತೆಯೇ ಹಾಕಬೇಕು. ಗಾಡಿಯ ಪುಸ್ತಕದಲ್ಲಿ ಹೇಳಿದ ಅಳತೆಯೇ ಬೇಕು. ಅದಕ್ಕಿಂತ ದಪ್ಪನೆಯದು ನೋಟಕ್ಕೆ ಚೆಂದ, ತಿರುವಿನಲ್ಲಿ ಭಾರ. ಕಡ್ಡಿ ಚಕ್ರವಾದ್ದರಿಂದ ಒಳಗೆ ಟ್ಯೂಬು ಬೇಕು. ಹೊಸ ಟಯರಿಗೆ ಹಳೆಯ ಟ್ಯೂಬು ತುರುಕಿ ಕಳಿಸುವವರಿದ್ದಾರೆ, ಜೋಕೆ. ಗೀರುಗಳ ನಡುವೆ ಸಣ್ಣ ದಿಮ್ಮಿಗಳಿವೆ. ಟಯರು ಸವೆದು ಅವುಗಳ ಮಟ್ಟಕ್ಕೆ ಬಂತೆಂದರೆ ಅದರ ಆಯುಸ್ಸು ಮುಗಿಯಿತು. ಏಳನೇ ಕ್ಲಾಸಿನ ಮಗು ಓದಬಲ್ಲ ಲೆಕ್ಕ ಇದು!

"ನೆರಳಿನಲ್ಲಿಟ್ಟ ಟಯರು ಕೆಡುವುದಿಲ್ಲ ಬಿಡಿ" ಎನ್ನುವವರಿದ್ದಾರೆ. ಒಂದೆರಡು ವರ್ಷದ ಮಾತಾದರೆ ಒಪ್ಪೋಣ. ಆದರೆ ರಬ್ಬರು ಕಾಲಕ್ಕೆ ಗಡಸಾಗುತ್ತದೆ, ಬಿಸಿಲಿಗೆ ಇನ್ನೂ ಬೇಗ. ನಮ್ಮ ಪಾವಗಡದ ಬಿಸಿಲು ಎಂಥದ್ದೆಂದರೆ, ಅದನ್ನೇ ನಂಬಿ ತಿರುಮಣಿಯಲ್ಲಿ 2050 ಮೆಗಾವ್ಯಾಟಿನ ಸೌರ ಪಾರ್ಕು ಎದ್ದಿದೆ. ಆ ಬಿಸಿಲಲ್ಲಿ ಓಡುವ ಟಯರಿಗೆ ಅಂಗಡಿಯಲ್ಲೇ ಆರು ವರ್ಷ ಕಳೆದಿರಬೇಕೇ? ಹಳೆಯ ಮಾಲಾದರೆ ಹಳೆಯದೆಂದು ಹೇಳಲಿ, ಬೆಲೆ ಇಳಿಸಲಿ. ಮುಚ್ಚಿಟ್ಟು ಮಾರುವುದು ವ್ಯಾಪಾರವಲ್ಲ, ಮೋಸ.

"ಗಂಡಸರಿಗೂ ಹಾಗೇ ಕೊಡ್ತಾರೆ ಅತ್ತಿಗೆ" ಎಂದ ನನ್ನ ಮೈದುನ. ನಿಜವೇ. ಅವನಿಗೇ ಕೊಟ್ಟರಲ್ಲ! ಗೊತ್ತಿದೆಯೆಂಬ ಗತ್ತಿನಲ್ಲಿ ಅವನು ಕೇಳಲಿಲ್ಲ, ಗೊತ್ತಿಲ್ಲವೆಂಬ ಸಂಕೋಚದಲ್ಲಿ ನಾನು ಕೇಳಲಿಲ್ಲ. ಲಾಭ ಯಾರಿಗಾಯಿತು, ನೀವೇ ಹೇಳಿ.

ಮುಂದಿನ ಟಯರು ಹಾಕಿಸಲು ನಾನೇ ಹೋದೆ, ಅದೇ ಅಂಗಡಿಗೆ. ಅವನು ತಂದಿಟ್ಟ ಟಯರನ್ನು ಬಗ್ಗಿ ಒರೆಸಿ ಓದಿದೆ. ಮೂರು ವರ್ಷದ ಹಳೆಯದು. "ಇದು ಬೇಡ, ಈ ವರ್ಷದ್ದು ಕೊಡಿ" ಎಂದೆ. ಅವನು ನನ್ನ ಮುಖ ನೋಡಿದ, ಒಳಗೆ ಹೋದ, ಇನ್ನೊಂದು ತಂದ. ಎರಡು ತಿಂಗಳ ಹಿಂದಿನ ಮಾಲು. ಬೆಲೆ ಒಂದೇ.

ಒಳಗೆ ಅದು ಇದ್ದೇ ಇತ್ತು. ಕೇಳುವವರಿಗಾಗಿ ಇಟ್ಟಿದ್ದ, ಅಷ್ಟೇ. ನಿಮ್ಮದು ಸ್ಕೂಟಿಯೋ, ಮೊಪೆಡ್ಡೋ, ಯಾವುದಾದರೂ ಆಗಲಿ. ಇವತ್ತು ಸಂಜೆ ಒಂದು ಒದ್ದೆ ಬಟ್ಟೆ ತೆಗೆದುಕೊಂಡು ಟಯರಿನ ಮಗ್ಗುಲು ಒರೆಸಿ, ಆ ನಾಲ್ಕು ಅಂಕಿ ಓದಿ. ಯಜಮಾನರನ್ನು ಕರೆಯಬೇಡಿ.