ವ್ಯಸನಿಗೆ ಬೇಕಾದುದು ಚಿಕಿತ್ಸೆ

ಮಾದಕ ಪದಾರ್ಥಗಳ ಹಾವಳಿಯನ್ನು ಅಡಗಿಸಬೇಕೆಂಬ ವಿಷಯದಲ್ಲಿ ಈಗ ಭಿನ್ನಾಭಿಪ್ರಾಯವಿಲ್ಲ. ಸಂಯುಕ್ತ ರಾಷ್ಟ್ರಸಂಸ್ಥೆಯು 1987ರಲ್ಲಿ ಗೊತ್ತುಮಾಡಿದಂತೆ ಪ್ರತಿ ವರ್ಷವೂ ಜೂನ್ 26ನೆಯ ತಾರೀಖು ಬಂದೊಡನೆ ಊರೂರುಗಳಲ್ಲಿ ಮಕ್ಕಳ ಮೆರವಣಿಗೆ ಹೊರಡುತ್ತದೆ. ಅಧಿಕಾರಿಗಳೂ ಮಹಾಜನರೂ ಭಾಷಣ ಮಾಡುತ್ತಾರೆ. ಪ್ರತಿಜ್ಞಾವಿಧಿಯು ಸಾಂಗವಾಗಿ ನೆರವೇರುತ್ತದೆ. ಗಾಂಜಾ ಸಾಗಿಸುತ್ತಿದ್ದವರು ಸಿಕ್ಕಿಬಿದ್ದ ಸುದ್ದಿಯೂ ಆಗಾಗ್ಗೆ ಪತ್ರಿಕೆಗಳಲ್ಲಿ ಬರುತ್ತದೆ. ಇವೆಲ್ಲವೂ ಬೇಕಾದುವೇ. ಆದರೆ ಮೆರವಣಿಗೆ ಮುಗಿದು, ಮಾರುವವನು ಸೆರೆಮನೆಗೆ ಹೋದ ಮೇಲೆ, ಅದಾಗಲೇ ವ್ಯಸನದ ಹಿಡಿತದಲ್ಲಿ ಸಿಕ್ಕಿರುವವನ ಗತಿಯೇನು ಎಂಬ ಪ್ರಶ್ನೆಗೆ ಉತ್ತರ ಹೇಳುವವರು ವಿರಳ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ಊರುಗಳ ನಾಗರಿಕರ ಮುಂದೆಯೂ ಅಧಿಕಾರಿವರ್ಗದ ಮುಂದೆಯೂ ಇಂದು ಆ ಪ್ರಶ್ನೆಯನ್ನೇ ಇಡಬಯಸುತ್ತೇವೆ.

ವ್ಯಸನದ ವಿರುದ್ಧ ಹೋರಾಟವು ಈ ನಾಡಿಗೆ ಹೊಸದಲ್ಲ. 1939ರಲ್ಲಿ ಚಿತ್ರದುರ್ಗದ ಸೀಮೆಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲುಮರಗಳನ್ನು ಕಡಿದು ಸೆರೆಮನೆ ಸೇರಿದರು. ನಮ್ಮ ನಂದಿಬೆಟ್ಟದಲ್ಲಿ 1927ರಲ್ಲಿಯೂ 1936ರಲ್ಲಿಯೂ ವಿಶ್ರಾಂತಿ ಪಡೆದ ಮಹಾತ್ಮರು, 1941ರಲ್ಲಿ ಪ್ರಕಟಿಸಿದ ರಚನಾತ್ಮಕ ಕಾರ್ಯಕ್ರಮದಲ್ಲಿ ಪಾನನಿರೋಧಕ್ಕೆ ಸ್ಥಾನ ಕೊಟ್ಟರು. ಅಲ್ಲಿ ಅವರು ಕಾನೂನೊಂದನ್ನೇ ನೆಚ್ಚಿಕೊಳ್ಳಲಿಲ್ಲವೆಂಬುದು ಗಮನಿಸತಕ್ಕ ಅಂಶ. ಕುಡುಕನನ್ನೂ ಅಫೀಮು ತಿನ್ನುವವನನ್ನೂ ಚಟದಿಂದ ಬಿಡಿಸುವ ಉಪಾಯಗಳನ್ನು ವೈದ್ಯರು ಕಂಡುಹಿಡಿಯಬೇಕೆಂದೂ, ದಣಿದ ಕೂಲಿಗಾರನಿಗೆ ವಿಶ್ರಾಂತಿ, ಅಗ್ಗದ ಫಲಾಹಾರ, ಆಟಪಾಟಗಳು ದೊರೆಯುವ ತಾಣಗಳನ್ನು ತೆರೆಯಬೇಕೆಂದೂ ಅವರು ಹೇಳಿದ್ದರು. ಮರವನ್ನು ಕೊಡಲಿಯಿಂದ ಕಡಿಯಬಹುದು. ದೇಹದೊಳಗೆ ಬೇರುಬಿಟ್ಟ ಚಟವನ್ನು ಕಡಿಯುವ ಕೊಡಲಿಯಿಲ್ಲ. ಅದಕ್ಕೆ ವೈದ್ಯನೂ ಬೇಕು, ಕಾಲವೂ ಬೇಕು, ನೆರೆಹೊರೆಯವರ ಸಹನೆಯೂ ಬೇಕು.

ನಿಷೇಧವೊಂದೇ ಸಾಲದೆಂಬುದಕ್ಕೆ ನಮ್ಮ ರಾಜ್ಯದ ಅನುಭವವೇ ಸಾಕ್ಷಿ. 2007ನೆಯ ಇಸವಿ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು; ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರವು ಜಿಲ್ಲೆಯಾದುದೂ ಅದೇ ವರ್ಷ. ಅನೇಕ ಮನೆಗಳಿಗೆ ಅದರಿಂದ ನೆಮ್ಮದಿ ಬಂದುದು ನಿಜ. ಆದರೆ ಸಾರಾಯಿಗೆ ದಾಸನಾಗಿದ್ದವನ ಬಾಯಾರಿಕೆ ಸರ್ಕಾರದ ಆಜ್ಞೆಯೊಡನೆ ನಿಲ್ಲಲಿಲ್ಲ. ಅವನು ಅಗ್ಗದ ಸೀಸೆಯ ಮದ್ಯಕ್ಕೆ ಕೈಚಾಚಿದನು. ಪದಾರ್ಥವು ಮರೆಯಾದರೂ ವ್ಯಸನವು ಉಳಿಯಿತು. ಗಾಂಜಾ, ನೋವಿನ ಮಾತ್ರೆ, ನಿದ್ರೆಯ ಮಾತ್ರೆ, ಹುಡುಗರು ಮೂಸುವ ಅಂಟಿನ ದ್ರವ, ಇವುಗಳ ವಿಷಯದಲ್ಲಿಯೂ ಮಾತು ಇಷ್ಟೇ. ಒಂದು ಬಾಗಿಲು ಮುಚ್ಚಿದರೆ ವ್ಯಸನಿಯು ಮತ್ತೊಂದನ್ನು ಹುಡುಕುತ್ತಾನೆ. ಚಿಕಿತ್ಸೆಯ ಬಾಗಿಲು ತೆರೆದಿದ್ದರೆ ಮಾತ್ರ ಅದನ್ನು ಪ್ರವೇಶಿಸುವ ಸಂಭವವಿದೆ.

ರೋಗದ ವಿಸ್ತಾರವನ್ನು ನೋಡೋಣ. ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯವರು ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ದೇಶದಲ್ಲಿ ಮದ್ಯದಿಂದ ಹಾನಿಗೀಡಾಗಿ ಸಹಾಯದ ಅಗತ್ಯವಿರುವವರ ಸಂಖ್ಯೆ ಸುಮಾರು 5.7 ಕೋಟಿ; ಅಫೀಮಿನ ವರ್ಗದ ಪದಾರ್ಥಗಳಿಂದ ಹಾಗಾದವರು ಸುಮಾರು 77 ಲಕ್ಷ. ಇವುಗಳಿಗಿಂತ ಶೋಚನೀಯವಾದ ಅಂಕಿಗಳು ಬೇರೆ ಇವೆ. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿತ್ತು. ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದವನು 180 ಮಂದಿಗೆ ಒಬ್ಬ. ಕಾನೂನುಬಾಹಿರ ಮಾದಕ ಪದಾರ್ಥಗಳಿಗೆ ದಾಸರಾದವರಲ್ಲಿ 20ಕ್ಕೆ ಒಬ್ಬ. ಬೇರೆ ಯಾವ ರೋಗದ ವಿಷಯದಲ್ಲಿಯಾದರೂ ಇಂತಹ ಅಂಕಿಗಳು ಬಂದಿದ್ದರೆ ಶಾಸನಸಭೆಗಳಲ್ಲಿ ಕೋಲಾಹಲವಾಗುತ್ತಿತ್ತು. ವ್ಯಸನಿಯ ವಿಷಯವಾದುದರಿಂದ ಯಾರೂ ಕೇಳಲಿಲ್ಲ.

ಹಾಗೆ ಕೇಳದಿರುವುದಕ್ಕೆ ಕಾರಣವೂ ಗೊತ್ತಿದೆ. ತಾನಾಗಿಯೇ ತಂದುಕೊಂಡ ಕೇಡಿಗೆ ಸಾರ್ವಜನಿಕರ ಹಣವನ್ನೇಕೆ ವೆಚ್ಚಮಾಡಬೇಕು ಎಂದು ಕೇಳುವ ಸಜ್ಜನರಿದ್ದಾರೆ. ಮೊದಲ ಲೋಟವನ್ನು ಅವನು ತಾನಾಗಿಯೇ ಎತ್ತಿದನೆಂಬುದು ನಿಜವಿರಬಹುದು. ಸಾವಿರದ ಲೋಟವನ್ನು ಎತ್ತುವಾಗ ಅವನ ಇಚ್ಛೆಗೆ ಉಳಿದಿರುವ ಬಲ ಅತ್ಯಲ್ಪ. ದೀರ್ಘಕಾಲದ ಅಮಲು ಮೆದುಳಿನ ಕೆಲಸವನ್ನೇ ಮಾರ್ಪಡಿಸುತ್ತದೆಂದು ವೈದ್ಯಶಾಸ್ತ್ರವು ಸ್ಪಷ್ಟಪಡಿಸಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಮದ್ಯ ಮತ್ತು ಮಾದಕ ಪದಾರ್ಥಗಳ ದುರ್ಬಳಕೆಯಿಂದಾಗುವ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಅಸ್ವಾಸ್ಥ್ಯದಲ್ಲಿ ಸೇರಿಸಿ, ಅದರ ಚಿಕಿತ್ಸೆಯನ್ನು ಪ್ರಜೆಯ ಹಕ್ಕನ್ನಾಗಿ ಮಾಡಿದೆ. ಅಲ್ಲದೆ, ವೆಚ್ಚವನ್ನು ನಾವು ಹೇಗೂ ತೆರುತ್ತಲೇ ಇದ್ದೇವೆ. ರಸ್ತೆಯ ಅಪಘಾತದಲ್ಲಿ, ಮನೆಯ ಹೊಡೆದಾಟದಲ್ಲಿ, ಶಾಲೆ ಬಿಟ್ಟ ಮಗುವಿನಲ್ಲಿ, ಅಡವಿಟ್ಟ ಒಡವೆಯಲ್ಲಿ ಅದು ಸಲ್ಲುತ್ತಿದೆ. ಆಸ್ಪತ್ರೆಯ ಲೆಕ್ಕದಲ್ಲಿ ಕಾಣದ ಮಾತ್ರಕ್ಕೆ ಅದು ವೆಚ್ಚವಲ್ಲವೆನ್ನಬಾರದು.

ನಮ್ಮ ನಾಲ್ಕು ಊರುಗಳ ಜೀವನಕ್ರಮವನ್ನು ಬಲ್ಲವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಅಲ್ಲಿ ಕುದಿಯುವ ನೀರಿನ ಮುಂದೆ ನಿಂತು ನೂಲು ಬಿಚ್ಚುವ ಕೆಲಸಕ್ಕೆ ನಡುಗದ ಕೈ ಬೇಕು. ಚಿಂತಾಮಣಿಯ ತರಕಾರಿ ಮಂಡಿಯಲ್ಲಿ, ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯಲ್ಲಿ ಬೆಳಗಿನ ಜಾವಕ್ಕೇ ಎದ್ದು ಮೂಟೆ ಹೊರುವವರಿದ್ದಾರೆ. ಗೌರಿಬಿದನೂರಿನ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರಿದ್ದಾರೆ. ರಾತ್ರಿಯೆಲ್ಲ ಲಾರಿ ನಡೆಸುವವರಿದ್ದಾರೆ. ಮೈನೋವಿಗೆಂದು ಆರಂಭವಾದುದು ದಿನದ ಅಗತ್ಯವಾಗಲು ಹೆಚ್ಚು ಕಾಲ ಬೇಡ. ಇಂತಹವನು ಚಿಕಿತ್ಸೆಗೆಂದು ಅರವತ್ತು ಎಪ್ಪತ್ತು ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗಬೇಕಾದರೆ ಅವನ ಕೂಲಿಯೂ ಹೋಯಿತು, ಜೊತೆಗೆ ಹೋಗುವ ಹೆಂಡತಿಯ ಅಥವಾ ಅಣ್ಣನ ಕೂಲಿಯೂ ಹೋಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ವಿಭಾಗವು ಹೆಸರುವಾಸಿಯಾದುದು. ಆದರೆ ನಾಡಿನ ಎಲ್ಲ ತಾಲೂಕುಗಳ ಭಾರವನ್ನೂ ಒಂದೇ ಸಂಸ್ಥೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಮೊದಲ ಸಲ ಹೋದವನು ಎರಡನೆಯ ಸಲ ಹೋಗದಿದ್ದರೆ ತಪ್ಪು ಅವನೊಬ್ಬನದೇ ಅಲ್ಲ.

ಪರಿಣಾಮಕಾರಿಯಾದ ಚಿಕಿತ್ಸೆಯೆಂದರೆ ಏನೆಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಏಕೆಂದರೆ ಅನೇಕರು ವ್ಯಸನಿಯನ್ನು ಕೆಲವು ದಿನ ಕೋಣೆಯಲ್ಲಿ ಕೂಡಿಹಾಕಿದರೆ ಸಾಕೆಂದು ಭಾವಿಸಿದ್ದಾರೆ. ವರ್ಷಗಟ್ಟಲೆ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಗಬಹುದು. ಎರಡು ದಿನಗಳೊಳಗೆ ಮೂರ್ಛೆ ಬರಬಹುದು. ಅನಂತರ ಸನ್ನಿಯಾಗಿ ಪ್ರಾಣಕ್ಕೇ ಅಪಾಯವೊದಗಬಹುದು. ಆ ದಿನಗಳಲ್ಲಿ ವೈದ್ಯರ ಕಾವಲೂ ತಕ್ಕ ಔಷಧವೂ ಜೀವಸತ್ತ್ವಗಳೂ ಅತ್ಯವಶ್ಯ. ಅಫೀಮಿನ ವರ್ಗದ ಪದಾರ್ಥಗಳಿಗೆ ದಾಸನಾದವನಿಗೆ ಬುಪ್ರೆನಾರ್ಫಿನ್ ಮೊದಲಾದ ಔಷಧಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ತಿಂಗಳುಗಟ್ಟಲೆ ಕೊಡುವ ಕ್ರಮವುಂಟು. ಅಂತಹವನು ಕೆಲವು ವಾರ ಬಿಟ್ಟಿದ್ದು ಮತ್ತೆ ಮೊದಲಿನಷ್ಟೇ ಪ್ರಮಾಣವನ್ನು ಸೇವಿಸಿದರೆ, ತಾಳಿಕೆ ತಗ್ಗಿದ ದೇಹವು ಅದನ್ನು ಸಹಿಸದೆ ಸಾವು ಸಂಭವಿಸಬಹುದು. ಗಾಂಜಾದ ಚಟಕ್ಕೆ ಮದ್ದಿಗಿಂತಲೂ ಆಪ್ತ ಸಲಹೆಯೇ ಮುಖ್ಯ. ಆದುದರಿಂದ ಒಂದೇ ಕಷಾಯವನ್ನು ಎಲ್ಲರಿಗೂ ಕುಡಿಸಲಾಗದು.

ಇನ್ನೊಂದು ಮಾತು. ದೇಹದಿಂದ ವಿಷವು ಇಳಿಯುವುದು ಚಿಕಿತ್ಸೆಯ ಮೊದಲ ಮೆಟ್ಟಲು ಮಾತ್ರ. ಸಿಹಿಮೂತ್ರದ ರೋಗಿಯನ್ನು ಒಂದು ವಾರ ಆಸ್ಪತ್ರೆಯಲ್ಲಿಟ್ಟು ಗುಣವಾಯಿತೆಂದು ಯಾವ ವೈದ್ಯನೂ ಹೇಳುವುದಿಲ್ಲ, ವ್ಯಸನವೂ ಅಂತಹುದೇ. ಮರಳಿ ಜಾರುವುದು ಈ ರೋಗದ ಸ್ವಭಾವ. ಜಾರಿದವನನ್ನು ಹೀಯಾಳಿಸಿ ಹೊರಗಟ್ಟಿದರೆ ಅದುವರೆಗಿನ ಶ್ರಮವೆಲ್ಲವೂ ನೀರಿನಲ್ಲಿ ಹೋಮಮಾಡಿದಂತೆ. ಶ್ರೀ ಕ್ಷೇತ್ರ ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಅನೇಕ ಊರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸಿ, ಶಿಬಿರ ಮುಗಿದ ಮೇಲೆ ನವಜೀವನ ಸಮಿತಿಗಳ ಮೂಲಕ ಅವರನ್ನು ಒಟ್ಟಿಗೆ ಹಿಡಿದಿಡುತ್ತಿರುವುದು ಈ ತತ್ತ್ವವನ್ನರಿತೇ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅನಾಮಧೇಯ ಮದ್ಯವ್ಯಸನಿಗಳ ಸಂಘವು ಲೋಕದಾದ್ಯಂತ ಹರಡಿರುವುದಕ್ಕೂ ಇದೇ ಕಾರಣ. ಬಿಟ್ಟವನಿಗೆ ಬಿಟ್ಟವನೇ ಜೊತೆಗಾರನು.

ಕಾನೂನಿನ ಕಡೆಯಿಂದ ನೋಡಿದರೂ ದಾರಿ ತೆರೆದೇ ಇದೆ. 1985ರ ಮಾದಕ ಪದಾರ್ಥಗಳ ಕಾಯಿದೆಯನ್ನು ಜನರು ಬರಿಯ ದಂಡನೆಯ ಶಾಸನವೆಂದು ತಿಳಿದಿದ್ದಾರೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧಕ್ಕೆ ಗುರಿಯಾದ ವ್ಯಸನಿಯು ತಾನಾಗಿಯೇ ಸರ್ಕಾರದ ಅಥವಾ ಸರ್ಕಾರದ ಮನ್ನಣೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ಅವನಿಗೆ ರಕ್ಷಣೆಯುಂಟೆಂದು ಅದರ 64-ಎ ಪ್ರಕರಣವು ಹೇಳುತ್ತದೆ; ಚಿಕಿತ್ಸೆಯನ್ನು ಪೂರೈಸದೆ ಬಿಟ್ಟರೆ ಆ ರಕ್ಷಣೆಯನ್ನು ಹಿಂದೆಗೆದುಕೊಳ್ಳಬಹುದು. ಅಪರಾಧ ಸಾಬೀತಾದ ವ್ಯಸನಿಯನ್ನು ಅವನ ಒಪ್ಪಿಗೆಯ ಮೇಲೆ ಸೆರೆಮನೆಗೆ ಬದಲಾಗಿ ಚಿಕಿತ್ಸೆಗೆ ಕಳುಹಿಸಲು 39ನೆಯ ಪ್ರಕರಣವು ನ್ಯಾಯಾಲಯಕ್ಕೆ ಅಧಿಕಾರ ಕೊಟ್ಟಿದೆ. ಚಿಕಿತ್ಸಾ ಕೇಂದ್ರಗಳನ್ನು ಸ್ಥಾಪಿಸಲು 71ನೆಯ ಪ್ರಕರಣವು ಸರ್ಕಾರಕ್ಕೆ ಅಧಿಕಾರವೀಯುತ್ತದೆ. ಈ ನಾಲ್ಕು ಊರುಗಳ ಪೊಲೀಸು ಅಧಿಕಾರಿಗಳೂ ವಕೀಲರೂ ಈ ಪ್ರಕರಣಗಳನ್ನು ವ್ಯಸನಿಯ ಮನೆಯವರಿಗೆ ತಿಳಿಯಹೇಳುವುದು ಅವರ ಕರ್ತವ್ಯದ ಭಾಗವೇ ಆಗಿದೆ. ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಸಿಕ್ಕಿಬೀಳುವೆವೆಂಬ ಭಯವು ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಮಾರುವವನಿಗೂ ಸೇವಿಸುವವನಿಗೂ ನಡುವಣ ಭೇದವನ್ನು ಶಾಸನವೇ ಮಾಡಿರುವಾಗ ಸಮಾಜವು ಅದನ್ನು ಮರೆಯಬಾರದು.

ಸರ್ಕಾರದ ವ್ಯವಸ್ಥೆಯು ಸಂಪೂರ್ಣವಾಗಿ ಶೂನ್ಯವೆಂದು ನಾವು ಹೇಳುವುದಿಲ್ಲ. ಮಾನಸಿಕ ಚಿಕಿತ್ಸೆಯನ್ನು ಜಿಲ್ಲೆಯ ಆಸ್ಪತ್ರೆಗಳ ಮೂಲಕ ಹಳ್ಳಿಯವರೆಗೆ ಒಯ್ಯುವ ಪ್ರಯೋಗವು 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿಯೇ ನಡೆದು, ಅನಂತರ ಇಡೀ ದೇಶಕ್ಕೆ ಮಾದರಿಯಾಯಿತು. ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ಮನೋಚೈತನ್ಯ ಕಾರ್ಯಕ್ರಮವನ್ನು ರಾಜ್ಯ ಸರ್ಕಾರವೇ ಹಾಕಿಕೊಟ್ಟಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯು 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದವರಿಗೆ ಉಚಿತವಾಗಿ ಸಲಹೆ ಕೊಡುತ್ತದೆ. ಜಿಲ್ಲೆಗೆ ಸ್ವಂತ ವೈದ್ಯಕೀಯ ಕಾಲೇಜೂ ಬಂದಿದೆ. ತಳಹದಿ ಇಷ್ಟಿರುವಲ್ಲಿ ಕಟ್ಟಡವನ್ನು ಎಬ್ಬಿಸುವುದು ಅಸಾಧ್ಯವೇನೂ ಅಲ್ಲ.

ಆದುದರಿಂದ ನಮ್ಮ ಸೂಚನೆಗಳು ಇವು. ಮೊದಲನೆಯದಾಗಿ, ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ವ್ಯಸನಿಗಳಿಗೆಂದೇ ಗೊತ್ತಾದ ಸಂಖ್ಯೆಯ ಹಾಸಿಗೆಗಳಿರಬೇಕು. ಆ ಸಂಖ್ಯೆಯನ್ನು ಬಾಗಿಲಲ್ಲಿಯೇ ಪ್ರಕಟಿಸಬೇಕು. ಹೆಂಗಸರಿಗೂ ಮಕ್ಕಳಿಗೂ ಪ್ರತ್ಯೇಕ ಏರ್ಪಾಡಿರಬೇಕು. ಎರಡನೆಯದಾಗಿ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ತಾಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ತಪ್ಪದೆ ವ್ಯಸನ ಚಿಕಿತ್ಸೆ ನಡೆಯಬೇಕು. ಕೂಲಿಯವನಿಗೆ ಅನುಕೂಲವಾಗುವಂತೆ ಅದು ಸಂಜೆಯಲ್ಲಿಯೂ ಇರಬೇಕು. ಔಷಧವು ಒಂದು ವಾರವೂ ತೀರಿಹೋಗಕೂಡದು. ಮೂರನೆಯದಾಗಿ, ವ್ಯಸನಮುಕ್ತಿಯ ಹೆಸರಿನಲ್ಲಿ ತೆರೆದಿರುವ ಖಾಸಗಿ ಕೇಂದ್ರಗಳನ್ನು ಅಧಿಕಾರಿಗಳು ಮುನ್ಸೂಚನೆಯಿಲ್ಲದೆ ತಪಾಸಣೆ ಮಾಡಬೇಕು. 2017ರ ಕಾಯಿದೆಯು ರೋಗಿಯನ್ನು ಸಂಕೋಲೆಯಲ್ಲಿಡುವುದನ್ನು ಯಾವ ರೂಪದಲ್ಲಿಯೂ ನಿಷೇಧಿಸಿದೆ. ಹೊಡೆತದಿಂದ ಚಟ ಬಿಡಿಸುವುದು ವೈದ್ಯವಲ್ಲ, ಕ್ರೌರ್ಯ.

ನಾಲ್ಕನೆಯದು ಜೀವನೋಪಾಯದ ಮಾತು. ಆಸ್ಪತ್ರೆಯಿಂದ ಹೊರಬಂದವನಿಗೆ ಕೆಲಸವಿಲ್ಲದಿದ್ದರೆ ಹಳೆಯ ಸ್ನೇಹಿತರೇ ಅವನನ್ನು ಮೊದಲು ಬರಮಾಡಿಕೊಳ್ಳುತ್ತಾರೆ. ರೇಷ್ಮೆಯ ಯಜಮಾನರು, ಮಂಡಿಯ ವರ್ತಕರು, ಕಾರ್ಖಾನೆಯವರು ಚಿಕಿತ್ಸೆಗೆ ಹೋದ ಕೆಲಸಗಾರನ ಸ್ಥಳವನ್ನು ಅವನಿಗೇ ಉಳಿಸಿಕೊಡುವ ಔದಾರ್ಯವನ್ನು ತೋರಬೇಕು. ನಾಲ್ಕು ಊರುಗಳ ನಗರಸಭೆಗಳೂ ಬಿಟ್ಟವರು ವಾರಕ್ಕೊಮ್ಮೆ ಕೂಡಲು ಒಂದೊಂದು ಕೊಠಡಿಯನ್ನು ಉಚಿತವಾಗಿ ಕೊಡಬಾರದೇಕೆ? ಅದಕ್ಕೆ ಲಕ್ಷಗಳು ಬೇಕಿಲ್ಲ. ಒಂದು ನಿರ್ಣಯವೂ ಒಂದು ಬೀಗದ ಕೈಯೂ ಸಾಕು.

ಹಣವೆಲ್ಲಿಂದ ಎಂದು ಆರ್ಥಿಕ ಇಲಾಖೆಯವರು ಕೇಳಬಹುದು. 2023-24ರಲ್ಲಿ ರಾಜ್ಯದ ಅಬಕಾರಿ ವರಮಾನವು 30,000 ಕೋಟಿ ರೂಪಾಯಿಗಳನ್ನು ಮೀರಿತು. ಮಾದಕ ಪಾನೀಯಗಳನ್ನು ನಿಷೇಧಿಸಲು ಯತ್ನಿಸಬೇಕೆಂದು ರಾಜ್ಯಾಂಗದ 47ನೆಯ ಅನುಚ್ಛೇದವು ವಿಧಿಸಿರುವ ದೇಶದಲ್ಲಿ ಅವುಗಳಿಂದಲೇ ಬೊಕ್ಕಸ ತುಂಬುತ್ತಿರುವಾಗ, ಆ ವರಮಾನದ ನೂರರಲ್ಲಿ ಒಂದು ಪಾಲನ್ನಾದರೂ ಅದರಿಂದಲೇ ಕೆಟ್ಟವರ ಚಿಕಿತ್ಸೆಗೆ ಮೀಸಲಿಡಬೇಕೆಂದು ಕೇಳುವುದು ಭಿಕ್ಷೆಯಲ್ಲ, ಲೆಕ್ಕಾಚಾರ.

ಇನ್ನು ಮುಂದೆ ಜಿಲ್ಲೆಯ ಅಧಿಕಾರಿಗಳು ವರ್ಷಾಂತ್ಯದ ವರದಿಯಲ್ಲಿ ಎಷ್ಟು ಮೆರವಣಿಗೆ ನಡೆಯಿತು, ಎಷ್ಟು ಮಂದಿ ಪ್ರತಿಜ್ಞೆ ಮಾಡಿದರು ಎಂಬುದರ ಜೊತೆಗೆ ಮತ್ತೊಂದು ಅಂಕಿಯನ್ನೂ ಕೊಡಲಿ: ಚಿಕಿತ್ಸೆಗೆ ಬಂದವರೆಷ್ಟು ಮಂದಿ, ಅವರಲ್ಲಿ ಒಂದು ವರ್ಷದ ಮೇಲೆಯೂ ಸಂಪರ್ಕದಲ್ಲಿದ್ದು ದುಡಿದು ಮನೆ ನಡೆಸುತ್ತಿರುವವರೆಷ್ಟು ಮಂದಿ? ಆ ಅಂಕಿ ಮೊದಲ ವರ್ಷ ಚಿಕ್ಕದಾಗಿದ್ದರೆ ನಾಚಿಕೆಪಡಬೇಕಾದುದಿಲ್ಲ. ಅದನ್ನು ಎಣಿಸದೆ ಇರುವುದಕ್ಕೆ ನಾಚಿಕೆಪಡಬೇಕು. ಜಿಲ್ಲಾಧಿಕಾರಿಗಳೂ ಜಿಲ್ಲಾ ಪಂಚಾಯತಿಯವರೂ ನಗರಸಭೆಗಳವರೂ ಈ ವಿಷಯಕ್ಕೆ ತಡಮಾಡದೆ ಗಮನವೀಯುವರೆಂದು ನಂಬಿದ್ದೇವೆ.