ಬೈಕಿನ ಬಂಪರ್ ಎಷ್ಟು ಗಟ್ಟಿ ಇರಬೇಕು?

ಬಲ, ಶಕ್ತಿ, ಕಾರ್ಯ ಎಂದೊಡನೆ ಆಕಳಿಸುವ ಹುಡುಗರು ಬೈಕಿನ ಮಾತು ಬಂದರೆ ಸಾಕು, ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಅದರಲ್ಲಿ ತಪ್ಪೇನಿಲ್ಲ; ಬೈಕು ಕೂಡ ಭೌತಶಾಸ್ತ್ರವೇ. ಈಚೆಗೆ ಸಂಗನಕಲ್ಲಿನ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆ ಇದು: "ಸಾರ್, ಅಣ್ಣನ ಬೈಕಿಗೆ ಬಂಪರ್ ಹಾಕಿಸಬೇಕು. ಅಂಗಡಿಯಲ್ಲಿ ಸಿಗುವುದು ಬಿದ್ದರೆ ಬಾಗುತ್ತದಂತೆ. ವೆಲ್ಡಿಂಗ್ ಶಾಪಿನವರು ದಪ್ಪ ಸರಳಿನಲ್ಲಿ ಮಾಡಿಕೊಡುವುದು ಏನು ಮಾಡಿದರೂ ಬಾಗುವುದಿಲ್ಲವಂತೆ. ಯಾವುದು ಒಳ್ಳೆಯದು?"

ಪ್ರಶ್ನೆ ಚಿಕ್ಕದು, ಉತ್ತರ ಸ್ವಲ್ಪ ಉದ್ದ.

ಬಂಪರ್, ಲೆಗ್ ಗಾರ್ಡ್, ಕ್ರ್ಯಾಶ್ ಗಾರ್ಡ್ ಎಂದೆಲ್ಲ ಕರೆಸಿಕೊಳ್ಳುವ ಈ ಉಕ್ಕಿನ ಬಳೆ ನಮಗೆ ಹೊಸದಲ್ಲ. ಬುಲೆಟ್‌ಗೂ, 1996ರಲ್ಲಿ ಮುಚ್ಚಿದ ಮೈಸೂರಿನ ಕಾರ್ಖಾನೆಯ ಜಾವಾ, ಯಜ್ಡಿಗಳಿಗೂ ಜನ ಇದನ್ನು ಹಾಕಿಸುತ್ತಿದ್ದರು. ಆದರೆ 2016ರಲ್ಲಿ ಬಂದ ಹಿಮಾಲಯನ್, 2019ರಲ್ಲಿ ಬಂದ ಎಕ್ಸ್‌ಪಲ್ಸ್‌ನಂಥ, ಡಾಂಬರಿಗೂ ಕಚ್ಚಾ ದಾರಿಗೂ ಸಲ್ಲುವ ಬೈಕುಗಳಿಗೆ ಇದರ ಅಗತ್ಯ ಹೆಚ್ಚು. ಇವುಗಳ ಹೊಟ್ಟೆ ನೆಲದಿಂದ ಸುಮಾರು 220 ಮಿ.ಮೀ. ಮೇಲಿರುತ್ತದೆ, ಸೀಟೂ ಎತ್ತರ. ನಮ್ಮ ಎರೆ ಹೊಲದ ದಾರಿಯಲ್ಲಿ ಮಳೆ ಬಿದ್ದ ಮರುದಿನ ಹೋಗಿ ನೋಡಿ: ಜಿಗುಟು ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಗಾಲಿ ನಿಲ್ಲುತ್ತದೆ, ಕಾಲು ಊರಲು ನೆಲ ಸಿಗುವುದಿಲ್ಲ, ಬೈಕು ನಿಂತಲ್ಲೇ ಮಗ್ಗುಲಿಗೆ ಒರಗುತ್ತದೆ. ಬಂಪರ್ ಹುಟ್ಟಿರುವುದೇ ಇಂಥ ನಿಧಾನದ ಬೀಳುವಿಕೆಗೆ.

ಈಗ ಒಂದು ಒರಟು ಲೆಕ್ಕ ಮಾಡೋಣ. ಬೈಕು 200 ಕೆ.ಜಿ. ಇದೆ ಎನ್ನಿ, ಹಿಮಾಲಯನ್ ಹೆಚ್ಚು ಕಡಿಮೆ ಅಷ್ಟೇ ಇದೆ. ನಿಂತಲ್ಲಿಂದ ವಾಲಿ ಬಂಪರ್ ನೆಲಕ್ಕೆ ತಾಗುವಷ್ಟರಲ್ಲಿ ಅದರ ಗುರುತ್ವಕೇಂದ್ರ ಕಾಲು ಮೀಟರ್ ಕೆಳಗೆ ಇಳಿದಿದೆ ಎಂದು ಇಟ್ಟುಕೊಳ್ಳಿ. ಎಂ ಜಿ ಎಚ್ ಸೂತ್ರ ನಿಮಗೆ ಗೊತ್ತು: 200 × 9.8 × 0.25, ಅಂದರೆ 490 ಜೂಲ್. ಇಷ್ಟು ಶಕ್ತಿಯನ್ನು ಯಾರೋ ಒಬ್ಬರು ನುಂಗಿಕೊಳ್ಳಲೇಬೇಕು. ಬಂಪರ್ 5 ಸೆಂ.ಮೀ. ಬಾಗುತ್ತ ನುಂಗಿದರೆ ಸರಾಸರಿ ಬಲ 9,800 ನ್ಯೂಟನ್, ಸುಮಾರು ಒಂದು ಟನ್ ಭಾರ. ಅದೇ ಬಂಪರ್ ತುಂಬ ಬಿರುಸಾಗಿದ್ದು ಅರ್ಧ ಸೆಂ.ಮೀ. ಮಾತ್ರ ಜಗ್ಗಿತು ಅನ್ನಿ, ಬಲ 98,000 ನ್ಯೂಟನ್, ಹತ್ತು ಟನ್! ನಿಜವಾಗಿ ಟೈರು, ಹ್ಯಾಂಡಲ್, ಕೆಳಗಿನ ಮಣ್ಣು ಇವೆಲ್ಲ ಪಾಲು ಹಂಚಿಕೊಳ್ಳುವುದರಿಂದ ಸಂಖ್ಯೆಗಳು ಇದಕ್ಕಿಂತ ಚಿಕ್ಕವೇ. ಆದರೆ ಆ ಹತ್ತು ಪಟ್ಟಿನ ವ್ಯತ್ಯಾಸವನ್ನು ಗಮನಿಸಿ. ಕ್ರಿಕೆಟ್ ಚೆಂಡು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಇದೇ ಕಾರಣಕ್ಕೆ.

ಬಾಗದ ಬಂಪರ್ ಆ ಬಲವನ್ನು ಏನು ಮಾಡುತ್ತದೆ? ತಾನು ಇಟ್ಟುಕೊಳ್ಳುವುದಿಲ್ಲ, ಮುಂದೆ ದಾಟಿಸುತ್ತದೆ. ಎಲ್ಲಿಗೆಂದರೆ, ಅದನ್ನು ಬಿಗಿದ ಬೋಲ್ಟಿಗೆ. ಬೋಲ್ಟಿನಿಂದ ಎಂಜಿನ್ ಕೂರುವ ಕಿವಿಗೆ, ಚೌಕಟ್ಟಿಗೆ. ಎಂಜಿನ್ನಿನ ಕವಚ ಎರಕದ ಅಲ್ಯೂಮಿನಿಯಮ್. ಅದು ಬಾಗುವ ಜಾತಿಯಲ್ಲ, ಬಿರಿಯುವ ಜಾತಿ. ಚೌಕಟ್ಟು ಸೊಟ್ಟಗಾದರೆ ಕಥೆ ಇನ್ನೂ ದೊಡ್ಡದು. ಆರ್‌ಸಿ ಪುಸ್ತಕದಲ್ಲಿ ಬರೆದ ಚಾಸಿ ಸಂಖ್ಯೆ ಕೊರೆದಿರುವುದು ಅದರ ಮೇಲೆಯೇ. ಬದಲಾಯಿಸಬೇಕೆಂದರೆ ಹಣವೂ ಹೋಯಿತು, ಆರ್‌ಟಿಒ ಕಚೇರಿಗೆ ಅಲೆದಾಟವೂ ಬಂತು. ಹಾಗಾಗಿ ಬಾಗಿದ ಬಂಪರ್ ಸೋತ ಬಂಪರ್ ಅಲ್ಲ, ತನ್ನ ಕೆಲಸ ಮಾಡಿ ಮುಗಿಸಿದ ಬಂಪರ್. ಕಾರು, ಜೀಪುಗಳ ಮುಂದೆ ಹಾಕಿಸುತ್ತಿದ್ದ ಬುಲ್ ಬಾರ್‌ಗಳ ವಿಷಯದಲ್ಲೂ ಇದೇ ಆಯಿತು. ಅವು ಪಾದಚಾರಿಗಳಿಗೂ ಒಳಗೆ ಕುಳಿತವರಿಗೂ ಅಪಾಯಕರವೆಂದು 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆಯಿತು.

ಬಾಗದೇ ಇರುವ ವಸ್ತುವೇ ಬೇಕೆಂದರೆ ನಮ್ಮ ಹಿರೇಗುಡ್ಡ ಹತ್ತಿ. ಮೂರು-ನಾಲ್ಕು ಸಾವಿರ ವರ್ಷಗಳ ಹಿಂದೆ ಇಲ್ಲಿನ ಜನ ಗ್ರಾನೈಟ್ ಬಂಡೆಗಳ ನಡುವೆ ಹಾದುಹೋದ ಡಾಲರೈಟ್ ಎಂಬ ಕಪ್ಪು ಕಲ್ಲಿನಿಂದ ಕೊಡಲಿಗಳನ್ನು ಮಾಡುತ್ತಿದ್ದರು. ಕೆತ್ತಿ ಉದುರಿಸಿದ ಚಕ್ಕೆಗಳು ಈಗಲೂ ಅಲ್ಲಿ ರಾಶಿ ರಾಶಿ ಬಿದ್ದಿವೆ. ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ಕೊಡಲಿಗಳನ್ನೂ ನೋಡಬಹುದು. ಪೆಟ್ಟು ಬಿದ್ದಾಗ ಕಲ್ಲು ಬಾಗುವುದಿಲ್ಲ, ಚಕ್ಕೆಯಾಗಿ ಸಿಡಿಯುತ್ತದೆ. ಆ ಪೆಡಸುತನವನ್ನೇ ಬಳಸಿಕೊಂಡು ಕೊಡಲಿಗೆ ರೂಪ ಕೊಟ್ಟವರು ಅವರು. ಬಂಪರ್‌ಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ ಗುಣ. ಸಾಧಾರಣ ಮೆದು ಉಕ್ಕು ಮುರಿಯುವ ಮೊದಲು ತನ್ನ ಉದ್ದದ ಐದನೆಯ ಒಂದು ಭಾಗದಷ್ಟು ಹಿಗ್ಗಬಲ್ಲದು.

ಹಾಗೆಂದು ತೆಳುವಾದ ತಗಡಿನ ಕೊಳವೆ ಸಾಕೆ? ಸಾಲದು. ಅದು ಮೊದಲ ಪೆಟ್ಟಿಗೇ ಚಪ್ಪಟೆಯಾಗಿ ಎಂಜಿನ್ನಿಗೆ ಅಂಟಿಕೊಳ್ಳುತ್ತದೆ. ಆದರೆ ಗಟ್ಟಿತನಕ್ಕಾಗಿ ತುಂಬು ಸರಳೇ ಬೇಕೆಂಬುದೂ ತಪ್ಪು ಎಣಿಕೆ. ಹೊರವ್ಯಾಸ 25 ಮಿ.ಮೀ., ಗೋಡೆ 2 ಮಿ.ಮೀ. ಇರುವ ಕೊಳವೆಯನ್ನು ತೆಗೆದುಕೊಳ್ಳಿ. ಅಷ್ಟೇ ತೂಕದ ಉಕ್ಕಿನಲ್ಲಿ ತುಂಬು ಸರಳು ಮಾಡಿದರೆ ಅದರ ವ್ಯಾಸ ಹದಿಮೂರೂವರೆ ಮಿ.ಮೀ. ಆಗುತ್ತದೆ. ಬಾಗಿಸುವ ಪೆಟ್ಟನ್ನು ಕೊಳವೆ ಆ ಸರಳಿಗಿಂತ ಮೂರು ಪಟ್ಟು ಹೆಚ್ಚು ತಡೆಯುತ್ತದೆ. ಬಾಗುವಾಗ ಎಳೆತ ಒತ್ತಡಗಳನ್ನು ಹೊರುವುದು ಹೊರ ಅಂಚು. ನಡುವಿನ ಲೋಹ ಸುಮ್ಮನೆ ಕೂತು ಉಣ್ಣುವ ನೆಂಟ. ಬಿದಿರನ್ನೂ ಜೋಳದ ದಂಟನ್ನೂ ಸೀಳಿ ನೋಡಿದವರಿಗೆ ಪ್ರಕೃತಿ ಇದನ್ನು ಎಂದೋ ಕಂಡುಕೊಂಡಿರುವುದು ತಿಳಿಯುತ್ತದೆ.

ಬಾಗಿದ್ದನ್ನು ಬಡಿದು ನೆಟ್ಟಗೆ ಮಾಡಿ ಮತ್ತೆ ಹಾಕಬಹುದೇ? ಇದಕ್ಕೆ ಉತ್ತರವನ್ನು ನೀವೇ ಕಂಡುಕೊಳ್ಳಿ. ಗಾರೆ ಕೆಲಸದವರು ಬಳಸುವ ಬೈಂಡಿಂಗ್ ತಂತಿಯ ತುಂಡೊಂದನ್ನು ಒಂದೇ ಕಡೆ ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತ ಎಣಿಸಿ. ನಡುನಡುವೆ ಬಾಗಿದ ಜಾಗವನ್ನು ಬೆರಳಿನಿಂದ ಮುಟ್ಟಿದರೆ ಬೆಚ್ಚಗಿರುತ್ತದೆ. ನೀವು ಹಾಕಿದ ಕಾರ್ಯ ಶಾಖವಾಗುತ್ತಿದೆ. ಕೆಲವು ಸಲ ಬಾಗಿದ ಮೇಲೆ ಅಲ್ಲಿ ಲೋಹ ಬಿರುಸಾಗಿ, ಕೊನೆಗೆ ಪಟ್ಟನೆ ಮುರಿಯುತ್ತದೆ. ಬಂಪರ್‌ಗೂ ಆಗುವುದು ಇದೇ. ಸ್ವಲ್ಪ ವಾಲಿದ್ದನ್ನು ಒಮ್ಮೆ ಸರಿಪಡಿಸಿಕೊಳ್ಳಿ, ಅಡ್ಡಿಯಿಲ್ಲ. ಮಡಿಕೆ ಬಿದ್ದದ್ದನ್ನು ಗುಜರಿಗೆ ಹಾಕಿ.

ಬಿದ್ದೇ ಹಾಳಾಗಬೇಕೆಂದಿಲ್ಲ. ಒಂಟಿ ಸಿಲಿಂಡರಿನ ಎಂಜಿನ್ ನಿಮಿಷಕ್ಕೆ ಸಾವಿರಾರು ಸಲ ನಡುಗಿಸುತ್ತದೆ, ಅದಕ್ಕೆ ಜಲ್ಲಿ ದಾರಿಯ ಕುಲುಕಾಟ ಸೇರುತ್ತದೆ. ಲೋಹ ದಣಿಯುತ್ತದೆ. ಬಿರುಕು ಶುರುವಾಗುವುದು ಸಾಮಾನ್ಯವಾಗಿ ಬೆಸುಗೆಯ ಅಂಚಿನಲ್ಲಿ. ನಮ್ಮ ವೆಲ್ಡಿಂಗ್ ಶಾಪಿನವರ ಕೈಗುಣಕ್ಕೆ ಕುಂದಿಲ್ಲ, ಟ್ರ್ಯಾಕ್ಟರ್ ಟ್ರಾಲಿಗಳನ್ನೇ ಮಾಡುವವರು. ಆದರೆ ಟ್ರಾಲಿಗೆ ಬೇಕಾದ ಗಟ್ಟಿ ಬೇರೆ, ಇದಕ್ಕೆ ಬೇಕಾದ ಗಟ್ಟಿ ಬೇರೆ. ಇನ್ನು ತುಕ್ಕು. ನಮ್ಮದು ಒಣ ಸೀಮೆ, ಸಮುದ್ರದ ಉಪ್ಪುಗಾಳಿ ಇಲ್ಲ, ನಿಜ. ಆದರೂ ಕ್ಲಾಂಪಿನ ಸಂದಿಯಲ್ಲಿ ಕೂತ ಎರೆಮಣ್ಣು ದಿನಗಟ್ಟಲೆ ಹಸಿಯಾಗಿರುತ್ತದೆ. ಕೊಳವೆಯ ತುದಿ ತೆರೆದಿದ್ದರೆ ನೀರು ಒಳಗೂ ಹೋಗುತ್ತದೆ. ಹೊರಗೆ ಬಣ್ಣ ಫಳಫಳ, ಒಳಗೆ ಗೋಡೆ ಸವೆದು ಹಾಳೆ.

ಕಣ್ಣಿಗೆ ಕಾಣದ ಬಿರುಕನ್ನು ಕಿವಿ ಹಿಡಿಯುವುದುಂಟು. ಸಂತೆಯಲ್ಲಿ ಗಡಿಗೆ ಕೊಳ್ಳುವ ತಾಯಂದಿರು ಬೆರಳಿನಿಂದ ಬಡಿದು ನೋಡುವುದು, ಹಿಂದೆ ರೈಲು ನಿಲ್ದಾಣಗಳಲ್ಲಿ ಗಾಲಿಗಳಿಗೆ ಸುತ್ತಿಗೆಯಿಂದ ತಟ್ಟುತ್ತ ಹೋಗುತ್ತಿದ್ದುದು ಇದಕ್ಕಾಗಿಯೇ. ಹಿರೇಗುಡ್ಡದಲ್ಲಿ ತಟ್ಟಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳಿವೆ. ಬಂಪರನ್ನು ಬಿಚ್ಚಿ, ಹಗ್ಗದಲ್ಲಿ ತೂಗುಹಾಕಿ, ಸ್ಪ್ಯಾನರಿನಿಂದ ತಟ್ಟಿ. ಗಣ್ಣೆಂದರೆ ಸರಿ. ದಡ್ಡೆಂದರೆ ಬೆಸುಗೆಗಳನ್ನು ಒಂದೊಂದಾಗಿ ಒರೆಸಿ ನೋಡಿ.

ಇಷ್ಟೂ ಮಾತು ಬೈಕಿನ ರಕ್ಷಣೆಯದು. ಸವಾರನ ಕಾಲಿನ ವಿಷಯ ಬೇರೆ, ಇದನ್ನು ತಂದೆತಾಯಿಗಳು ಗಮನವಿಟ್ಟು ಓದಬೇಕು. ಸವಾರನೂ ಸೇರಿ 270 ಕೆ.ಜಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವಾಗ ಅದರ ಚಲನಶಕ್ತಿ ಸುಮಾರು 37,500 ಜೂಲ್, ನಿಂತಲ್ಲಿ ಬಿದ್ದ ಬೈಕಿನ 75ರಷ್ಟು. ಯಾವ ಬಂಪರ್ ಅದನ್ನು ನುಂಗೀತು? ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಹ್ಯಾರಿ ಹರ್ಟ್ ಎಂಬುವರ ತಂಡ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಬಂಪರ್ ಇದ್ದಾಗ ಪಾದ ಮತ್ತು ಹರಡಿನ ಗಾಯಗಳು ಕಡಿಮೆಯಾದವು; ಆದರೆ ಮೊಣಕಾಲು, ತೊಡೆ, ಕೆಳಗಾಲುಗಳ ಗಾಯಗಳು ಅಷ್ಟೇ ಹೆಚ್ಚಾದವು. ಒಟ್ಟು ಲೆಕ್ಕದಲ್ಲಿ ಲಾಭವಿಲ್ಲ ಎಂಬುದೇ ಅವರ ತೀರ್ಮಾನ. ನಮ್ಮ 1989ರ ಮೋಟಾರು ವಾಹನ ನಿಯಮಗಳು ಕಡ್ಡಾಯ ಮಾಡಿರುವುದು ಹಿಂದಿನ ಚಕ್ರದ ಅರ್ಧ ಭಾಗವನ್ನಾದರೂ ಮುಚ್ಚುವ, ಸೀರೆ ಸಿಕ್ಕಿಕೊಳ್ಳದಂತೆ ತಡೆಯುವ ಗಾರ್ಡನ್ನು. ಅದನ್ನು "ಚೆನ್ನಾಗಿ ಕಾಣುವುದಿಲ್ಲ" ಎಂದು ಬಿಚ್ಚಿಟ್ಟು ಮುಂದಿನ ಬಂಪರ್‌ಗೆ ಸಾವಿರಾರು ರೂಪಾಯಿ ಸುರಿಯುವವರನ್ನು ಕಂಡಾಗ ನನಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಬಂಪರ್ ಬಂದ ಮೇಲೆ ಹೊಸದೊಂದು ಚಟವೂ ಬರುತ್ತದೆ. ಹೆದ್ದಾರಿಯಲ್ಲಿ ಎರಡೂ ಕಾಲುಗಳನ್ನು ಅದರ ಮೇಲೆ ಚಾಚಿ ಆರಾಮಕುರ್ಚಿಯಲ್ಲಿ ಕುಳಿತಂತೆ ಹೋಗುವುದು. ಆಗ ಬ್ರೇಕ್ ತುಳಿಯುವ ಬಲಗಾಲು ಬ್ರೇಕಿನಿಂದ ದೂರವಿರುತ್ತದೆ. ಅದನ್ನು ಹಿಂದಕ್ಕೆ ತಂದು ಪೆಡಲಿನ ಮೇಲಿಡಲು ಒಂದೇ ಸೆಕೆಂಡು ಹಿಡಿದರೂ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕು ಅಷ್ಟರಲ್ಲಿ 17 ಮೀಟರ್ ಮುಂದೆ ಹೋಗಿರುತ್ತದೆ.